ಯಾರೂ ಅಳಿಸದ ಹಟ್ಟಿ

ಚಿತ್ರದುರ್ಗದಲ್ಲಿ ನಾನು ನಿವೃತ್ತನಾದ ಕಚೇರಿಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: "ಫೋಲ್ಡರಿಗೆ ಗಿಡ್ಡ ಹೆಸರು ಇಡಿ." ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಓದುತ್ತಾರೆ, ತಲೆಯಾಡಿಸುತ್ತಾರೆ, ಹಾಗೇ ಮಾಡುತ್ತಾರೆ. ಯಾಕೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಕೇಳದೆ ಒಪ್ಪುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕಿರಿಕಿರಿ. ಈಗ ಮನೆಯಲ್ಲಿ ಕೂತು ಆ ಕಿರಿಕಿರಿ ಇನ್ನೂ ಹೆಚ್ಚಾಗಿದೆ. ಪೇಪರು ಹಿಡಿದರೆ ಎರಡನೇ ಪುಟಕ್ಕೆ ಎದ್ದುಬಿಡುತ್ತೇನೆ. ಅದಕ್ಕೇ ಆ ಚೀಟಿಯ ಹಿಂದಿನ ಸಂಗತಿಯನ್ನಾದರೂ ಬರೆದಿಡೋಣವೆಂದು ಕೂತೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಗಣಿತ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಬಹುಪಾಲು ಮರೆತಿದ್ದೇನೆ. ಸಾಧಿಸಿ ತೋರಿಸುವ ತನಕ ಯಾವುದಕ್ಕೂ ಹೌದು ಅನ್ನಬಾರದೆಂಬ ಚಟ ಮಾತ್ರ ಉಳಿದಿದೆ. ಆ ಚಟಕ್ಕೆ ಮೊದಲು ಬಲಿಯಾಗುವುದು ನನ್ನ ನೆನಪೇ. ಇದನ್ನು ಬರೆಯುವ ಮುಂಚೆ ಹೊಸದುರ್ಗದ ಶಿವಲೀಲಾಗೂ ನಮ್ಮ ಮುಖ್ಯಸ್ಥರಾಗಿದ್ದ ರುದ್ರಪ್ಪನವರಿಗೂ ಫೋನ್ ಮಾಡಿ ವಿಚಾರಿಸಿದೆ. ಅದು ಶುಕ್ರವಾರ ಎಂದು ನಾನು ನಂಬಿದ್ದೆ. ಶಿವಲೀಲಾ ಗುರುವಾರ ಅನ್ನುತ್ತಾಳೆ, ಅವತ್ತು ಅವಳದು ಒಪ್ಪೊತ್ತಂತೆ. ರುದ್ರಪ್ಪನವರು, "ವಾರ ಯಾವುದಾದ್ರೇನ್ರಿ, ಬಿಸಿಲು ಮಾತ್ರ ಸಿಕ್ಕಾಪಟ್ಟೆ ಇತ್ತು" ಅಂದರು. ನನ್ನ ನೆನಪಿನಲ್ಲಿ ಮೋಡ ಇತ್ತು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ನಮ್ಮದು ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ತಯಾರಿಸಿಕೊಡುವ ಖಾಸಗಿ ಕಚೇರಿ. ಸರ್ವೆಯವರು ಹಳ್ಳಿಗೆ ಹೋಗಿ ಅಳೆಯುತ್ತಾರೆ. ಎಲ್ಲಿ ಬೋರು, ಎಲ್ಲಿ ತೊಟ್ಟಿ, ಯಾವ ಬೀದಿಯಲ್ಲಿ ಪೈಪು ಎಂದು ನಾವು ನಕ್ಷೆ ಮಾಡುತ್ತೇವೆ. ಒಂದು ತಾಲ್ಲೂಕಿನ ನಕ್ಷೆಗಳನ್ನೆಲ್ಲ ಕಂತೆ ಕಟ್ಟಿ ಇಲಾಖೆಗೆ ಕೊಡುತ್ತೇವೆ. ಕಂತೆಯಲ್ಲಿದ್ದ ಊರಿಗೆ ನೀರು ಬರುತ್ತದೆ. ಇಲ್ಲದ ಊರು ಮುಂದಿನ ಯೋಜನೆಗೆ ಕಾಯಬೇಕು. ಅದು ಯಾವಾಗ ಬರುತ್ತದೆಂದು ಇಲಾಖೆಯವರಿಗೂ ಗೊತ್ತಿರುವುದಿಲ್ಲ. ಮುಖ್ಯ ಕಚೇರಿ ಚಿತ್ರದುರ್ಗದಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಕೋಣೆ, ಒಂದೊಂದು ಕಂಪ್ಯೂಟರು. ನಕ್ಷೆಗಳ ಕಡತ ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲು ಎಲ್ಲ ಪೆನ್‌ಡ್ರೈವಿನಲ್ಲಿ ಓಡಾಡುತ್ತಿತ್ತು. ಹಿರಿಯೂರಿನವರು ಪೆನ್‌ಡ್ರೈವನ್ನು ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವರು, ನಾವು ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುವುದು. ಒಮ್ಮೆ ಕಂಡಕ್ಟರ್ ಜೇಬಿನಲ್ಲೇ ಅದು ಯಲ್ಲದಕೆರೆಗೆ ಹೋಗಿ, ಅವರ ಮನೆಯಲ್ಲಿ ರಾತ್ರಿ ಕಳೆದು, ಮಾರನೇ ದಿನ ಬಂತು. ಅದು ಬರುವಷ್ಟರಲ್ಲಿ ನಾವು ಹಳೆಯ ನಕ್ಷೆಯಲ್ಲೇ ಕೆಲಸ ಮುಗಿಸಿದ್ದೆವು. ಕಡತಗಳ ಹೆಸರು 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂದೆಲ್ಲ ಇರುತ್ತಿದ್ದವು. ಯಾವುದು ನಿಜಕ್ಕೂ ಕೊನೆಯದು ಎಂಬುದಕ್ಕೆ ಮಾಡಿದವರ ನೆನಪೊಂದೇ ಆಧಾರ. ನನ್ನಂಥವನಿಗೆ ಅದು ಹಿಂಸೆ.

ಅದಕ್ಕಿಂತ ದೊಡ್ಡ ಎಡವಟ್ಟು ಎರಡು ಹೊಸಹಳ್ಳಿಗಳದು. ಹಿರಿಯೂರು ತಾಲ್ಲೂಕಿನಲ್ಲೊಂದು ಹೊಸಹಳ್ಳಿ, ಹೊಳಲ್ಕೆರೆ ತಾಲ್ಲೂಕಿನಲ್ಲೊಂದು. ಒಂದು ದೊಡ್ಡ ಊರು, ಇನ್ನೊಂದು ನಾಲ್ಕಾರು ಬೀದಿಯದು. ದೊಡ್ಡ ಊರಿನ ಪಂಪು ಸಣ್ಣ ಊರಿನ ನಕ್ಷೆಗೆ ಬಂತು, ಸಣ್ಣ ಊರಿನದು ದೊಡ್ಡದಕ್ಕೆ ಹೋಯಿತು. ಇಲಾಖೆಯ ಸಭೆಯಲ್ಲಿ ಅಧಿಕಾರಿ ಅದನ್ನು ಎತ್ತಿ ತೋರಿಸಿ, "ಏನ್ರಿ ರುದ್ರಪ್ನೋರೇ, ಹತ್ತು ಮನೆಗೆ ಆನೆ ಕಟ್ಟೀರಲ್ರಿ" ಅಂದದ್ದಕ್ಕೆ ಎಲ್ಲರೂ ನಕ್ಕರು.

ರುದ್ರಪ್ಪನವರು ನಗೆಯನ್ನು ಮರೆಯುವವರಲ್ಲ. ಕಚೇರಿಗೆ ಬಂದವರೇ ಕಟ್ಟಪ್ಪಣೆ ಮಾಡಿದರು. ಇನ್ನು ಮೇಲೆ ಪ್ರತಿ ನಕ್ಷೆಯೂ ಪೂರ್ತಿ ವಿಳಾಸದ ಒಳಗೇ ಇರಬೇಕು. ಜಿಲ್ಲೆಯ ಫೋಲ್ಡರು, ಅದರೊಳಗೆ ತಾಲ್ಲೂಕು, ಅದರೊಳಗೆ ಹೋಬಳಿ, ಅದರೊಳಗೆ ಗ್ರಾಮ ಪಂಚಾಯಿತಿ, ಅದರೊಳಗೆ ಗ್ರಾಮ, ಗ್ರಾಮಕ್ಕೆ ಸೇರಿದ ಹಟ್ಟಿಯೋ ತಾಂಡಾವೋ ಇದ್ದರೆ ಅದರೊಳಗೆ ಮಜರೆ. ಎಲ್ಲ ಕನ್ನಡದಲ್ಲಿ, ಪೂರ್ತಿ ಪೂರ್ತಿ ಹೆಸರು. ಹೊರಕೆರೆದೇವಪುರವನ್ನು ಯಾರೋ ಎಚ್.ಡಿ. ಪುರ ಎಂದು ಬರೆದದ್ದಕ್ಕೆ, "ನಿಮ್ಮಪ್ಪನ ಹೆಸ್ರೂ ಹಿಂಗೇ ಕತ್ತರಿಸಿ ಬರೀತೀರೇನ್ರಿ?" ಎಂದು ಕೂಗಾಡಿದರು. ಅವರು ಹೇಳಿದ್ದು ತಪ್ಪೇನಲ್ಲ. ಹೊಸಹಳ್ಳಿಗಳು ಮತ್ತೆಂದೂ ಅದಲುಬದಲಾಗಲಿಲ್ಲ. ಆದರೆ ಈ ಕೆಲಸದಲ್ಲಿ ನಾನು ಕಂಡದ್ದೇನೆಂದರೆ, ಒಂದು ತಪ್ಪಿಗೆ ಹಾಕಿದ ಬೇಲಿ ಮುಂದಿನ ತಪ್ಪಿಗೆ ದಾರಿ ಮಾಡಿಕೊಡುತ್ತದೆ.

ಆಮೇಲೆ ಗಿಟ್ ಬಂತು. ಈಗಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬೇರೆ ಓದುಗರಿಗಾಗಿ ಎರಡು ಮಾತು. ಕಡತಗಳ ಒಂದು ಭಂಡಾರ ಇರುತ್ತದೆ. ಪ್ರತಿ ಊರಿನ ಕಂಪ್ಯೂಟರಿನಲ್ಲೂ ಅದರ ಪೂರ್ತಿ ಪ್ರತಿ ಇರುತ್ತದೆ. ಸಂಜೆ ನಾನು ಮಾಡಿದ ಬದಲಾವಣೆಯನ್ನು ಭಂಡಾರಕ್ಕೆ ಕಳಿಸಿದರೆ ಬೆಳಗ್ಗೆ ಹಿರಿಯೂರಿನವರು ಅದನ್ನು ಇಳಿಸಿಕೊಳ್ಳುತ್ತಾರೆ. ಯಾರು, ಯಾವತ್ತು, ಯಾವ ಕಡತ ಸೇರಿಸಿದರು, ತಿದ್ದಿದರು, ಅಳಿಸಿದರು ಎಂಬುದೆಲ್ಲ ದಾಖಲಾಗುತ್ತ ಹೋಗುತ್ತದೆ. ಹಳೆಯದು ಯಾವುದೂ ನಿಜಕ್ಕೂ ಹೋಗುವುದಿಲ್ಲ, ಬೇಕೆಂದಾಗ ವಾಪಸ್ ತರಬಹುದು. ನನಗೆ ಸ್ವರ್ಗ ಸಿಕ್ಕಂತಾಯಿತು. ಇನ್ನು ಯಾರ ನೆನಪನ್ನೂ ನಂಬಬೇಕಿಲ್ಲ ಅಂದುಕೊಂಡೆ. ಈ ಒಂದನ್ನು ಮಾತ್ರ ಅನುಮಾನಿಸದೆ ಬಿಟ್ಟೆ.

ಅವತ್ತು, ಶುಕ್ರವಾರವೋ ಗುರುವಾರವೋ, ಹೊಸದುರ್ಗ ತಾಲ್ಲೂಕಿನ ಕಂತೆ ಬಹುಮಟ್ಟಿಗೆ ಸಿದ್ಧವಾಗಿತ್ತು. ಸೋಮವಾರ ಇಲಾಖೆಗೆ ಕೊಡಬೇಕು. ಬೆಳಗ್ಗೆಯೇ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತರು. ಐವತ್ತರ ಆಸುಪಾಸು, ಕೈಯಲ್ಲೊಂದು ವೈರಿನ ಬುಟ್ಟಿ.

"ಇಲ್ಲಿ ನೀರಿನ ನಕ್ಷೆ ಮಾಡೋ ಯಜಮಾನ್ರು ಯಾರು?"

ರುದ್ರಪ್ಪನವರು ತಲೆ ಎತ್ತಿದರು. "ಬರ್ರಿ, ಕುಂತ್ಕಳ್ರಿ. ಯಾವೂರಮ್ಮ?"

"ಬಂಡೆ ಮೇಲಿನ ಹಟ್ಟಿ. ಹೊಸದುರ್ಗದ ತಾವ. ಕರಿಯಮ್ಮ ಅಂತ ನನ್ನೆಸ್ರು. ಕುಂತ್ಕಳಾಕೆ ಬಂದಿಲ್ಲ ಸಾ. ನಮ್ಮ ಹಟ್ಟಿ ನಿಮ್ಮ ಕಾಗದದಾಗೆ ಇಲ್ಲಂತೆ. ಹೌದಾ?"

ಹಿಂದಿನ ದಿನ ಪಂಚಾಯಿತಿಯಲ್ಲಿ ನಮ್ಮ ಕರಡು ನಕ್ಷೆಗಳನ್ನು ಗೋಡೆಗೆ ಹಾಕಿದ್ದರು. ಎಲ್ಲ ಊರೂ ಇತ್ತು, ಇವರ ಹಟ್ಟಿ ಇರಲಿಲ್ಲ. ಅವರ ಮಾತಿನಿಂದ ಉಳಿದದ್ದು ತಿಳಿಯಿತು. ಹಟ್ಟಿಯವರು ನೀರಿಗೆ ಕೆಳಗಿನ ಊರಿಗೆ ಬರಬೇಕು. ಊರಿನವರೆಲ್ಲ ತುಂಬಿಕೊಂಡ ಮೇಲೆ ಇವರ ಪಾಳಿ. ಸರ್ವೆಯವನು ಹಟ್ಟಿಗೆ ಬಂದಾಗ, ತೊಟ್ಟಿ ಎತ್ತರದಲ್ಲಿದ್ದರೆ ನೀರು ತಾನಾಗಿ ಮನೆಮನೆಗೆ ಇಳಿಯುತ್ತದೆ, ಆದರೆ ಎತ್ತರದಲ್ಲಿ ಸರ್ಕಾರದ ಜಾಗವಿಲ್ಲ ಎಂದನಂತೆ. ಎತ್ತರದಲ್ಲಿದ್ದದ್ದು ಕರಿಯಮ್ಮನ ಕಣ. ರಾಗಿ ತುಳಿಸುವ ಆ ಕಣವನ್ನು ಅವರು ಪಂಚಾಯಿತಿಗೆ ಬರೆದುಕೊಟ್ಟರು. ಅದಕ್ಕೆ ಗಂಡನ ಅಣ್ಣಂದಿರು ಜಗಳ ತೆಗೆದು ಮಾತು ಬಿಟ್ಟಿದ್ದರು.

"ಈಗ ನಮ್ಮ ಭಾವ ಏನಂತಾನೆ ಗೊತ್ತಾ? 'ಕಣಾನೂ ಹೋತು, ನೀರೂ ಹೋತು, ಇನ್ನು ಬಂಡೆ ಮ್ಯಾಲೆ ರಾಗಿ ಬಡ್ಕಳವ್ವ' ಅಂತಾನೆ. ಹಟ್ಟಿ ಹೆಣ್ಮಕ್ಳೆಲ್ಲ ನನ್ನ ಮಖ ನೋಡ್ತಾವೆ ಸಾ. ನಾನೇ ನೀರು ಬತ್ತದೆ ಅಂತ ಹೇಳ್ಕಂಡು ಬಂದಿದ್ದು."

ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಗ್ರಾಮದ ಫೋಲ್ಡರು ಇತ್ತು. ಅದರೊಳಗೆ ಬೇರೆ ಎರಡು ಹಟ್ಟಿಗಳಿದ್ದವು. ಬಂಡೆ ಮೇಲಿನ ಹಟ್ಟಿ ಇರಲಿಲ್ಲ. ಗಿಟ್‌ನ ದಾಖಲೆ ತೆಗೆದೆ. ಅಲ್ಲಿತ್ತು. ಆ ನಕ್ಷೆ ಭಂಡಾರಕ್ಕೆ ಸೇರಿತ್ತು, ಆಮೇಲೊಂದು ದಿನ ಹೊಸದುರ್ಗದ ಕಂಪ್ಯೂಟರಿನಿಂದ ಅಳಿಸಲಾಗಿತ್ತು. ಅಳಿಸಿದವರು: ಶಿವಲೀಲಾ. ಷರಾ: "ಇವತ್ತಿನ ಕೆಲಸ."

ನಕ್ಷೆಯನ್ನು ವಾಪಸ್ ತರುವುದು ಒಂದು ನಿಮಿಷದ ಮಾತು, ತಂದೆ. ಕೆಲಸ ಮುಗಿಯಿತೆಂದುಕೊಂಡು ತಿರುಗಿ ನೋಡಿದರೆ ರುದ್ರಪ್ಪನವರು ಬೇಡವೆಂದು ತಲೆಯಾಡಿಸುತ್ತಿದ್ದರು.

"ತಡೀರಿ ಮೇಷ್ಟ್ರೇ." ಎಮ್ಮೆಸ್ಸಿ ಓದಿದವನೆಂದು ನನ್ನನ್ನು ಹಾಗೆ ಹಂಗಿಸುತ್ತಿದ್ದರು. "ಅಲ್ಲಿಯೋರೇ ತೆಗ್ದವ್ರೆ ಅಂದ್ಮೇಲೆ ಕಾರಣ ಇರ್ಬೇಕು. ಜಾಗದ್ದು ತಕರಾರು ಬಂದಿರ್ತದೆ. ಅಣ್ಣತಮ್ಮರ ಜಗಳದ ಜಾಗಾನ ಕಂತೆಗೆ ಸೇರ್ಸಿದ್ರೆ ಇಲಾಖೆಯೋರು ಪೂರ್ತಿ ಕಂತೆ ವಾಪಸ್ ಒಗೀತಾರೆ. ಆಮ್ಯಾಲೆ ತಾಲ್ಲೂಕಿನಾಗೆ ಯಾರಿಗೂ ನೀರಿಲ್ಲ."

ಕರಿಯಮ್ಮ ಬುಟ್ಟಿ ಕೆಳಗಿಟ್ಟರು. "ಅಂಗಾದ್ರೆ ನಮ್ಮ ಭಾವನೇ ಬಂದು ಅಳಿಸ್ಯವ್ನೆ!"

"ಅಮ್ಮ, ಅದು ಗೋಡೆ ಮೇಲಿನ ಸುಣ್ಣ ಅಲ್ಲ, ಯಾರು ಬೇಕಾದ್ರೂ ಬಂದು ಅಳ್ಸಾಕೆ" ಅಂದರು ರುದ್ರಪ್ಪನವರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನೋಡಿದ್ರಲ್ಲ ಈ ನಕ್ಷೆ? ತಕರಾರಿನ ಮಾತು ಏನಾದ್ರೂ ಬಂದಿತ್ತಾ?"

ಇಬ್ಬರೂ ನನ್ನನ್ನೇ ನೋಡಿದರು. ಆ ಸರ್ವೆಯವನು ಕೆಲಸ ಬಿಟ್ಟು ಹೋಗಿದ್ದ. ನಕ್ಷೆ ನೋಡಿದ ನೆನಪು ನನಗಿತ್ತು. ಕಣದ ಗುರುತು, ಪಕ್ಕದಲ್ಲಿ ತೊಟ್ಟಿಯ ಗುರುತು. ಆದರೆ ಕಣದ ಹತ್ತಿರ ತೊಟ್ಟಿ ಹಾಕಿದ ಊರುಗಳು ಬೇರೆಯೂ ಇದ್ದವು. ನಾನು ನೆನೆಸಿಕೊಳ್ಳುತ್ತಿರುವುದು ಇದನ್ನೋ ಬೇರೆಯದನ್ನೋ?

"ತಕರಾರು ಬಂದ ನೆನಪಿಲ್ಲ" ಅಂದೆ. "ಬಂದಿಲ್ಲ ಅಂತ ಹೇಳಲಾರೆ."

"ಇದೇನು ಸಾ ನಿಮ್ಮ ಬಾಯಿ?" ಅಂದರು ಕರಿಯಮ್ಮ. "ಅತ್ಲಾಗೆ ಹೌದೂ ಇಲ್ಲ, ಇತ್ಲಾಗೆ ಅಲ್ಲಾನೂ ಇಲ್ಲ. ಒಂದು ಕಡೆ ನಿಂತ್ಕಳ್ರಿ."

ರುದ್ರಪ್ಪನವರು ಹೊಸದುರ್ಗಕ್ಕೆ ಫೋನ್ ಹಚ್ಚಿದರು. ಶಿವಲೀಲಾಳ ದನಿ ನನಗೂ ಕೇಳಿಸಿತು. "ನಾನು ಯಾವ್ದೂ ಅಳಿಸಿಲ್ಲ ಸಾರ್. ಆ ಹಟ್ಟಿ ಹೆಸ್ರೇ ನಾನು ಈಗ ಕೇಳ್ತಿರೋದು."

"ನಿನ್ನ ಹೆಸ್ರೇ ಬಂದೈತಲ್ಲಮ್ಮ. ಕಂಪ್ಯೂಟರ್ ಸುಳ್ಳು ಹೇಳ್ತದಾ?"

"ನನ್ನ ಮ್ಯಾಲೆ ಹೇಳ್ತಾ ಐತಲ್ಲ ಸಾರ್ ಈಗ!"

ಫೋನಿಟ್ಟ ರುದ್ರಪ್ಪನವರು ಎದ್ದು, "ನಡೀರಿ, ಹೋಗಾಣ. ಅಲ್ಲಿ ಹೋಗೇ ನೋಡಾಣ" ಅಂದರು.

ಜೀಪಿನಲ್ಲಿ ಕರಿಯಮ್ಮ ಹಿಂದೆ ಕೂತರು. ಹೊಳಲ್ಕೆರೆಯಲ್ಲಿ ರುದ್ರಪ್ಪನವರು ಮಂಡಕ್ಕಿ ಮೆಣಸಿನಕಾಯಿಗೆ ಇಳಿದರು. ಕರಿಯಮ್ಮನಿಗೂ ಒಂದು ಪೊಟ್ಟಣ ಕೊಟ್ಟರೆ ಬೇಡವೆಂದರು. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ ಕರಿಯಮ್ಮ, "ಆ ಫ್ಯಾನಿಗೆ ಗುಡ್ಡದ ತುದಿ ತನಕ ರೋಡು ಮಾಡವ್ರೆ. ಅವಕ್ಕೆ ಬಾಯಾರಿಕೆ ಬ್ಯಾರೆ ಇಲ್ಲ" ಅಂದರು. ರುದ್ರಪ್ಪನವರು ಅಗಿಯುವುದನ್ನು ನಿಲ್ಲಿಸಿದರು. ಅಲ್ಲಿಂದ ಹೊಸದುರ್ಗದವರೆಗೆ ನಾನು ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತಿದ್ದೆ. ದಾಖಲೆ ಅವಳು ಅಳಿಸಿದಳು ಅನ್ನುತ್ತದೆ. ಅವಳು ಅಳಿಸಲಿಲ್ಲ ಅನ್ನುತ್ತಾಳೆ. ಎರಡೂ ನಿಜವಾಗಿರಲು ಸಾಧ್ಯವೇ?

ನಮ್ಮ ಹೊಸದುರ್ಗದ ಕಚೇರಿ ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಶಿವಲೀಲಾ ಬಾಗಿಲಲ್ಲೇ ನಿಂತಿದ್ದಳು, ಅತ್ತು ಮುಖ ತೊಳೆದ ಹಾಗಿತ್ತು. ಕರಿಯಮ್ಮ ಮೆಟ್ಟಿಲು ಹತ್ತಿದವರೇ ಶುರು ಮಾಡಿದರು.

"ನೀನೇನಾ ತಾಯಿ ಅಳಿಸಿದೋಳು? ನಮ್ಮ ಭಾವ ಏನು ಕೊಟ್ಟ? ಕುರಿ ಕೊಟ್ನಾ?"

"ನಾವು ಕುರಿ ತಿನ್ನೋರಲ್ಲ ಕಣಮ್ಮ, ತಗಂಡು ಏನ್ಮಾಡ್ಲಿ? ಮೇಯಿಸ್ಲಾ?"

"ಅಂಗಾರೆ ತುಪ್ಪ ಕೊಟ್ಟಿರ್ತಾನೆ."

"ಲೇ ಸಾಕು ಬಿಡ್ರೇ" ಎಂದು ರುದ್ರಪ್ಪನವರು ಇಬ್ಬರನ್ನೂ ಗದರಿದರು. "ಮೇಷ್ಟ್ರೇ, ಅದೇನು ನೋಡ್ತೀರೋ ನೋಡ್ರಿ."

ನಾನು ಶಿವಲೀಲಾಗೆ ಹೇಳಿದೆ: "ನೀನು ದಿನಾ ಬೆಳಗ್ಗೆ ಏನು ಮಾಡ್ತೀಯೋ ಅದನ್ನೇ ಮಾಡು. ನಾವು ಇಲ್ಲ ಅಂದ್ಕೋ."

ಅವಳು ಕೂತಳು. ಚಿತ್ರದುರ್ಗದಲ್ಲಿ ನಾನು ವಾಪಸ್ ತಂದಿದ್ದ ನಕ್ಷೆ ಈಗ ಭಂಡಾರದಲ್ಲಿತ್ತು. ಇಳಿಸಿಕೊಳ್ಳುವ ಗುಂಡಿ ಒತ್ತಿದಳು. ಒಂದು ಕಪ್ಪು ಕಿಟಕಿ ತೆರೆದು ಇಂಗ್ಲಿಷಿನಲ್ಲಿ ಸಾಲುಗಳು ಓಡಿದವು, ಕೊನೆಯಲ್ಲಿ ಎರಡು ಕೆಂಪು ಸಾಲು. ಅವಳು ಕಿಟಕಿಯನ್ನು ಮುಚ್ಚಲು ಕೈ ಒಯ್ದಳು.

"ನಿಲ್ಲು. ಅದೇನದು?"

"ಅದು ದಿನಾ ಏನಾದ್ರೂ ಗೊಣಗ್ತಿರ್ತದೆ ಸಾರ್. ನಾನು ಮುಚ್ಚಿಬಿಡ್ತೀನಿ."

ಕೆಂಪು ಸಾಲು ಹೇಳುತ್ತಿದ್ದದ್ದು ಇಷ್ಟು: ಈ ಕಡತದ ಹೆಸರು ಬಹಳ ಉದ್ದವಾಯಿತು, ಇದನ್ನು ಬರೆಯಲಾಗಲಿಲ್ಲ.

ಫೋಲ್ಡರು ತೆರೆದೆವು. ಬಂಡೆ ಮೇಲಿನ ಹಟ್ಟಿ ಇಲ್ಲ. ಆದರೆ ಆ ಹೊತ್ತಿಗೆ ಗಿಟ್‌ನ ಬದಲಾವಣೆಗಳ ಪಟ್ಟಿಯಲ್ಲಿ ಅದರ ಹೆಸರು ಬಂದಿತ್ತು, ಪಕ್ಕದಲ್ಲಿ 'ಅಳಿಸಲಾಗಿದೆ' ಎಂಬ ಗುರುತು. ಭಂಡಾರದಲ್ಲಿದೆ, ಈ ಕಂಪ್ಯೂಟರಿನಲ್ಲಿಲ್ಲ. ಹಾಗಾದರೆ ಇಲ್ಲಿ ಕೂತವರು ಅಳಿಸಿರಬೇಕು ಎಂದು ಗಿಟ್ ತಿಳಿದುಕೊಂಡಿತ್ತು. ಸಂಜೆ ಶಿವಲೀಲಾ ತನ್ನ ಕೆಲಸ ಕಳಿಸುವಾಗ 'ಎಲ್ಲಾ' ಎಂಬ ಚೌಕಕ್ಕೆ ಗುರುತು ಹಾಕಿ ಕಳಿಸುತ್ತಾಳೆ. ಎಲ್ಲರೂ ಹಾಗೇ ಮಾಡುವುದು. ಅದರ ಜೊತೆಗೆ ಈ ಅಳಿಸುವಿಕೆಯೂ ಅವಳ ಹೆಸರಿನಲ್ಲಿ ಭಂಡಾರಕ್ಕೆ ಹೋಗುತ್ತದೆ, ಅಲ್ಲಿಂದ ಚಿತ್ರದುರ್ಗಕ್ಕೂ ಹಿರಿಯೂರಿಗೂ ಹೊಳಲ್ಕೆರೆಗೂ. ನಮ್ಮೆಲ್ಲರ ಕಂಪ್ಯೂಟರಿನಿಂದಲೂ ಹಟ್ಟಿ ಸದ್ದಿಲ್ಲದೆ ಎದ್ದು ಹೋಗುತ್ತದೆ.

"ಸಾರ್, ಈಗ ನಾನು ಏನಾದ್ರೂ ಮುಟ್ಟಿದ್ನಾ? ನೀವೇ ನೋಡಿದ್ರಲ್ಲ" ಅಂದಳು ಶಿವಲೀಲಾ.

ರುದ್ರಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಇನ್ನೊಂದ್ಸಲ ಮಾಡಿಸ್ರಿ."

ಇನ್ನೊಂದು ಸಲವೂ ಹಾಗೇ ಆಯಿತು. ನಾನು ಕೆಲಸದ ಫೋಲ್ಡರನ್ನು ಅದು ಇದ್ದ ಜಾಗದಿಂದ ತೆಗೆದು ನೇರ ಡಿ ಡ್ರೈವಿಗೆ ಹಾಕಿ ಮತ್ತೆ ಇಳಿಸಿದೆ. ಕೆಂಪು ಸಾಲು ಬರಲಿಲ್ಲ. ಬಂಡೆ ಮೇಲಿನ ಹಟ್ಟಿ ಬಂದು ಕೂತಿತು. ಮೊದಲಿನ ಜಾಗದಲ್ಲಿಟ್ಟು ಇಳಿಸಿದೆ, ಹೋಯಿತು. ಡಿ ಡ್ರೈವಿನಲ್ಲಿಟ್ಟೆ, ಬಂತು.

"ಇದೇನು ಸಾ ಕಣ್ಕಟ್ಟು!" ಅಂದರು ಕರಿಯಮ್ಮ. "ನಮ್ಮ ಹಟ್ಟೀನ ಮ್ಯಾಕೂ ಕೆಳಕೂ ಎಷ್ಟು ಸತಿ ಕುಣಿಸ್ತೀರಾ?"

ವಿಂಡೋಸ್ ಕಂಪ್ಯೂಟರುಗಳಲ್ಲಿ ಒಂದು ಹಳೆಯ ಕಟ್ಟು ಇದೆ. ಡ್ರೈವಿನ ಅಕ್ಷರದಿಂದ ಹಿಡಿದು, ನಡುವಿನ ಎಲ್ಲ ಫೋಲ್ಡರುಗಳ ಹೆಸರು ಸೇರಿ, ಕಡತದ ಹೆಸರಿನ ಕೊನೆಯವರೆಗೆ ಒಟ್ಟು ಇನ್ನೂರ ಅರವತ್ತು ಅಕ್ಷರದೊಳಗೆ ಮುಗಿಯಬೇಕು. ಮೀರಿದರೆ ಬಹಳಷ್ಟು ಪ್ರೋಗ್ರಾಮುಗಳು ಕೈಯೆತ್ತುತ್ತವೆ. ರುದ್ರಪ್ಪನವರು ಪರದೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದರು. "ಅಷ್ಟು ಎಲ್ಲೈತ್ರಿ? ಅರ್ಧಾನೂ ಇಲ್ಲ."

ಇಲ್ಲೇ ನೋಡಿ ಕನ್ನಡದವರು ಗಮನಿಸಬೇಕಾದದ್ದು. ನಾವು ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರ. ಕಂಪ್ಯೂಟರು ವ್ಯಂಜನ, ಅರ್ಧಾಕ್ಷರದ ಗುರುತು, ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. 'ಶ್ರೀ' ನಮಗೆ ಒಂದು, ಅದಕ್ಕೆ ನಾಲ್ಕು. 'ದುರ್ಗ' ನಮಗೆ ಎರಡು, ಅದಕ್ಕೆ ಐದು. ಜಿಲ್ಲೆಯಿಂದ ಮಜರೆಯವರೆಗೆ ಪೂರ್ತಿ ಹೆಸರು ಬರೆಸಿದ ನಮ್ಮ ಶಿಸ್ತಿನಲ್ಲಿ ಎಲ್ಲಕ್ಕಿಂತ ಉದ್ದವಾಗುವುದು ಎಲ್ಲಕ್ಕಿಂತ ಒಳಗಿರುವ ಹಟ್ಟಿಯೇ. ಆದರೂ ಪಕ್ಕದ ಎರಡು ಹಟ್ಟಿಗಳು ಉಳಿದು ಇದೊಂದೇ ಯಾಕೆ ಹೋಯಿತು? ಕಡತದ ಹೆಸರು ಓದಿದಾಗ ಗೊತ್ತಾಯಿತು. ಉಳಿದೆರಡು ಹಟ್ಟಿಗಳ ತೊಟ್ಟಿ ಸರ್ಕಾರದ ಜಾಗದಲ್ಲಿತ್ತು. ಇಲ್ಲಿ ಜಾಗ ಕೊಟ್ಟವರಿದ್ದರು. ಸರ್ವೆಯವನು ಪಹಣಿಯಲ್ಲಿ ಬರೆಯುವ ಹಾಗೆ ಕಡತದ ಹೆಸರಿಗೇ ಸೇರಿಸಿದ್ದ: 'ಮೇಲ್ತೊಟ್ಟಿ ಜಾಗ ಕೊಟ್ಟವರು ಕರಿಯಮ್ಮ ಕೋಂ ಲೇಟ್ ಚಿಕ್ಕೀರಪ್ಪ'. ಕಣ ಕೊಟ್ಟದ್ದಕ್ಕೇ ಹೆಸರು ಉದ್ದವಾಗಿತ್ತು, ಉದ್ದವಾದದ್ದಕ್ಕೇ ಹಟ್ಟಿ ಹೋಗಿತ್ತು. ಇದನ್ನು ಕರಿಯಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಓದಿ ಮಾತ್ರ ಹೇಳಿದೆ. ಗಂಡನ ಹೆಸರು ಬಂದಾಗ ಅವರು ಸೆರಗು ಸರಿಮಾಡಿಕೊಂಡು, "ಅವ್ರ ಹೆಸ್ರೂ ಹಾಕವ್ರಾ?" ಅಂದರು.

ಇಷ್ಟಾದರೂ ಒಂದು ಉಳಿದಿತ್ತು. ಇದೇ ಕಡತ ಚಿತ್ರದುರ್ಗದಲ್ಲಿ ಸಲೀಸಾಗಿ ಇಳಿದಿತ್ತಲ್ಲ? ಹೊಸದುರ್ಗದಲ್ಲಿ ಹೆಚ್ಚಿನ ಉದ್ದ ಎಲ್ಲಿಂದ ಬಂತು? ಪರದೆಯಲ್ಲಿ ದಾರಿಯನ್ನು ಮೇಲಿನಿಂದ ಓದಿದೆ. ಶಿವಲೀಲಾಳ ಕೆಲಸವೆಲ್ಲ ಒಂದು ಫೋಲ್ಡರಿನ ಒಳಗಿತ್ತು. ಆಯುಧಪೂಜೆಯ ದಿನ ಹೊಸ ಕಂಪ್ಯೂಟರು ಬಂದಿತ್ತು. ಪೂಜೆ ಮಾಡಿ ವಿಭೂತಿ ಹಚ್ಚಿ ಶುರು ಮಾಡಿದ್ದಳು. ಹೊಸ ಲೆಕ್ಕದ ಪುಸ್ತಕದ ತಲೆಗೆ ನಮ್ಮಲ್ಲಿ ಬರೆಯುತ್ತಾರಲ್ಲ, ಹಾಗೆ ಮೊದಲ ಫೋಲ್ಡರಿಗೆ ಮೂರು ಶ್ರೀಗಳನ್ನು ಹಾಕಿ, ತಮ್ಮ ಗುರುಗಳ ಪೂರ್ತಿ ಹೆಸರು, 'ಮಹಾಸ್ವಾಮಿಗಳವರ ಕೃಪಾಶೀರ್ವಾದದಿಂದ' ಎಂದು ಬರೆದು, ಅದರೊಳಗೆ ಮನೆದೇವರ ಹೆಸರಿನ ಇನ್ನೊಂದು ಫೋಲ್ಡರು ಮಾಡಿ, 'ಪ್ರಸನ್ನ' ಎಂದು ಮುಗಿಸಿದ್ದಳು. ಅದರೊಳಗೆ ಜಿಲ್ಲೆ, ತಾಲ್ಲೂಕು, ಹೋಬಳಿ.

"ಇದನ್ನ ತೆಗೀಬೇಕು" ಅಂದೆ.

ನನಗೆ ದೇವರು ದಿಂಡರಲ್ಲಿ ನಂಬಿಕೆಯಿಲ್ಲವೆಂಬುದು ಕಚೇರಿಗೆಲ್ಲ ಗೊತ್ತಿತ್ತು. ರುದ್ರಪ್ಪನವರೂ ಅದೇ ಗುರುಗಳ ಮಠದ ಭಕ್ತರು.

"ಏನ್ರಿ ಮೇಷ್ಟ್ರೇ, ಸ್ವಾಮೇರ ಹೆಸ್ರನ್ನ ಡಿಲೀಟ್ ಹೊಡಿ ಅಂತೀರಾ ಹೆಣ್ಮಗಳಿಗೆ? ಬ್ಯಾರೆ ಏನಾದ್ರೂ ದಾರಿ ನೋಡ್ರಿ. ಸೆಟ್ಟಿಂಗ್ ಗಿಟ್ಟಿಂಗ್ ಇರ್ತದಲ್ಲ."

ಸೆಟ್ಟಿಂಗ್ ಇದೆ. ಉದ್ದ ದಾರಿಗಳನ್ನು ಒಪ್ಪು ಎಂದು ಗಿಟ್‌ಗೂ ಹೇಳಬಹುದು, ವಿಂಡೋಸ್‌ಗೂ ಹೇಳಬಹುದು. ಅವತ್ತು ಎರಡನ್ನೂ ಮಾಡಿದೆ. ಕಡತ ಹಳೆಯ ಜಾಗದಲ್ಲೇ ಇಳಿಯಿತು. ರುದ್ರಪ್ಪನವರು ಗೆದ್ದವರಂತೆ ನನ್ನ ಕಡೆ ನೋಡಿದರು. ಆದರೆ ನಕ್ಷೆ ತೆರೆಯಲು ಹೋದರೆ ನಕ್ಷೆಯ ಪ್ರೋಗ್ರಾಮು ಅದನ್ನು ತೆರೆಯಲೊಲ್ಲದು. ಗಿಟ್ ಒಪ್ಪಿದರೂ ಅದಕ್ಕೆ ಹಳೆಯ ಕಟ್ಟೇ ಕಟ್ಟು. ಈಗ ಕೆಲಸಕ್ಕೆ ಸೇರುವ ನಿಮಗೆ ನಾನು ಹೇಳುವುದೂ ಇದನ್ನೇ. ಆ ಸೆಟ್ಟಿಂಗ್ ಹಾಕಿ, ಆದರೆ ಅದರ ಮೇಲೆ ಭಾರ ಹಾಕಿ ನಿದ್ದೆ ಮಾಡಬೇಡಿ. ಕಡತ ಇಳಿದರೆ ಸಾಲದು, ತೆರೆದು ನೋಡಿ. ಕಳಿಸುವಾಗ 'ಎಲ್ಲಾ' ಚೌಕಕ್ಕೆ ಗುರುತು ಹಾಕುವ ಮುಂಚೆ ಪಟ್ಟಿಯಲ್ಲಿ 'ಅಳಿಸಲಾಗಿದೆ' ಎಂದು ಏನಾದರೂ ಇದೆಯೇ ಎಂದು ಕಣ್ಣಾಡಿಸಿ. ನೀವು ಅಳಿಸಿದ್ದಲ್ಲದಿದ್ದರೆ ಅಲ್ಲೇ ನಿಲ್ಲಿ.

ನಾವು ಮೂವರೂ ಸೆಟ್ಟಿಂಗು, ಸ್ವಾಮಿಗಳು, ಇಲಾಖೆ ಎಂದು ಎಳೆದಾಡುತ್ತಿರುವಾಗ ಕರಿಯಮ್ಮ ಕೇಳಿದರು: "ನಿಮ್ಮ ಸ್ವಾಮೇರು ಏನಂತಾರೆ? ನಮ್ಗೆ ನೀರು ಕೊಡ್ಬ್ಯಾಡಿ ಅಂತಾರಾ?"

"ಛೆ ಛೆ, ಅವ್ರು ಯಾಕಂಗಂತಾರಮ್ಮ" ಅಂದರು ರುದ್ರಪ್ಪನವರು.

"ಮತ್ತೆ ಅವ್ರ ಹೆಸ್ರು ಹಿಡ್ಕಂಡು ನೀವ್ಯಾಕೆ ಅಡ್ಡ ಕುಂತೀರಾ?"

ಶಿವಲೀಲಾ ಇದ್ದಕ್ಕಿದ್ದಂತೆ ನನ್ನ ಕೈಯಿಂದ ಮೌಸ್ ತೆಗೆದುಕೊಂಡಳು. ಎರಡು ಫೋಲ್ಡರುಗಳನ್ನು ಒಂದಾಗಿಸಿ, ಹೆಸರನ್ನೆಲ್ಲ ತೆಗೆದು, ಒಂದೇ ಒಂದು 'ಶ್ರೀ' ಇಟ್ಟಳು. ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಎಲ್ಲಾರೂ ಅದ್ರೊಳಗೇ ಅವ್ರೆ ಸಾರ್" ಅಂದಳು. ನಾಲ್ಕು ಅಕ್ಷರ ಹಿಡಿಯುತ್ತದೆ ಎಂದು ನನ್ನ ಬಾಯಿಗೆ ಬಂತು. "ಈಗ ನಕ್ಷೆ ತೆಗಿ" ಅಂದೆ.

ನಕ್ಷೆ ತೆರೆಯಿತು. ಮೂಲೆಯಲ್ಲಿ ಕರಿಯಮ್ಮನ ಒಪ್ಪಿಗೆಯ ಷರಾ ಇತ್ತು, ತಕರಾರಿನ ಸುಳಿವಿರಲಿಲ್ಲ. ತೊಟ್ಟಿ ನನ್ನ ನೆನಪಿನಲ್ಲಿದ್ದ ಹಾಗೆ ಕಣದ ಪಕ್ಕದಲ್ಲಿರಲಿಲ್ಲ, ಕಣದ ನಡುವೆಯೇ ಇತ್ತು. ನಾನು ಚಿತ್ರದುರ್ಗದಲ್ಲಿ ನೆನೆಸಿಕೊಂಡದ್ದು ಬೇರೆ ಯಾವುದೋ ಊರನ್ನು. ಈಗಲೂ ರಾಮಗಿರಿ ಕಡೆಯದೊಂದು ನಕ್ಷೆಯಿರಬೇಕು ಅನ್ನಿಸುತ್ತದೆ, ಖಾತ್ರಿಯಿಲ್ಲ.

ರುದ್ರಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸರಿ. ಯಾರೂ ಅಳಿಸಿಲ್ಲ. ಕಂತೆಗೆ ಸೇರುಸ್ರಿ." ಶಿವಲೀಲಾ ಕಡೆ ನೋಡಿ, "ತಪ್ಪು ತಿಳ್ಕಬ್ಯಾಡಮ್ಮ" ಅಂದರು. ಅವರು ಹಾಗೆ ಹೇಳಿದ್ದನ್ನು ನಾನು ಬೇರೆಂದೂ ಕೇಳಿಲ್ಲ. ಶಿವಲೀಲಾ ಮಾತ್ರ ಅವರು ಏನೂ ಹೇಳಲಿಲ್ಲ ಅನ್ನುತ್ತಾಳೆ.

ಕರಿಯಮ್ಮ ಏಳಲಿಲ್ಲ. "ಇವತ್ತು ಬಂದೈತೆ. ಸೋಮಾರದೊತ್ಗೆ ಮತ್ತೆ ಹೋಗಲ್ಲ ಅಂತ ಯಾರು ಹೇಳ್ತಾರೆ? ನೀವು ಹೇಳ್ತೀರಾ?" ಎಂದು ನನ್ನನ್ನೇ ಕೇಳಿದರು.

"ಹೇಳಲಾರೆ" ಅಂದೆ.

"ಅದ್ನ ಕಾಗದದಾಗೆ ಕೊಡ್ರಿ ನಂಗೆ."

ಶಿವಲೀಲಾ ದೊಡ್ಡ ಹಾಳೆಯಲ್ಲಿ ಹಟ್ಟಿಯ ನಕ್ಷೆ ಮುದ್ರಿಸಿ ಕೊಟ್ಟಳು. ಕರಿಯಮ್ಮ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ಶಿವಲೀಲಾಗೆ ಹೋಗುತ್ತ, "ತುಪ್ಪ ನಾನೇ ತಂದ್ಕೊಡ್ತೀನಿ ಬಿಡವ್ವ" ಅಂದರು.

ಯೋಜನೆ ಮಂಜೂರಾಗಿ, ಕಣದಲ್ಲಿ ತೊಟ್ಟಿ ಎದ್ದು, ಹಟ್ಟಿಗೆ ನೀರು ಇಳಿದದ್ದು ಬಹಳ ಆಮೇಲಿನ ಮಾತು. ಒಮ್ಮೆ ಆ ಕಡೆ ಹೋದಾಗ ಅಲ್ಲಿಯ ನಲ್ಲಿಯ ನೀರು ಕುಡಿದಿದ್ದೇನೆ, ಸ್ವಲ್ಪ ಸವಳು. ಆದರೆ ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಆ ಸೋಮವಾರ. ಇದೊಂದರಲ್ಲಿ ಮೂವರ ನೆನಪೂ ಕೂಡುತ್ತದೆ.

ಕಂತೆ ಜೋಡಿಸಲು ಶಿವಲೀಲಾಳೂ ಚಿತ್ರದುರ್ಗಕ್ಕೆ ಬಂದಿದ್ದಳು. ಜೋಡಿಸಿ ಮುಗಿಸಿ ರುದ್ರಪ್ಪನವರು ಕೆಂಪು ಲಾಡಿ ಬಿಗಿದಿದ್ದರು. ಜೀಪು ಕೆಳಗೆ ನಿಂತಿತ್ತು. ಕರಿಯಮ್ಮ ಸುರುಳಿ ಹಿಡಿದು ಒಳಗೆ ಬಂದರು, ಮೊದಲ ಬಸ್ಸಿಗೇ ಹೊರಟಿರಬೇಕು.

"ನಮ್ಮದು ಐತಾ ಇದ್ರಾಗೆ?"

"ಐತೆ ಕಣಮ್ಮ, ನಾನೇ ಇಟ್ಟೀನಿ" ಅಂದರು ರುದ್ರಪ್ಪನವರು. "ಟೈಮಾತು. ಮೇಷ್ಟ್ರೇ, ಐತೆ ಅಂತ ಹೇಳ್ರಿ ಈಯಮ್ಮಂಗೆ."

ಬೆಳಗ್ಗೆ ಹಾಳೆಗಳನ್ನು ಜೋಡಿಸುವಾಗ ನಾನೂ ಇದ್ದೆ. ಆ ಹಾಳೆ ಕೈಗೆ ಬಂದ ನೆನಪಿತ್ತು.

"ಬಿಚ್ಚಿ ನೋಡೋಣ" ಅಂದೆ.

ರುದ್ರಪ್ಪನವರು ನನ್ನನ್ನು ದುರುಗುಟ್ಟಿ ನೋಡಿ ಲಾಡಿ ಬಿಚ್ಚಿದರು. ಹಾಳೆಗಳನ್ನು ಒಂದೊಂದಾಗಿ ತಿರುವಿ ಹಟ್ಟಿಯದನ್ನು ಹೊರಗೆಳೆದರು. ಕರಿಯಮ್ಮನಿಗೆ ಓದು ಬರದು. ಅವರು ಆ ಹಾಳೆಯನ್ನೂ ತಮ್ಮ ಹಾಳೆಯನ್ನೂ ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬಿಸಿಲು ಎರಡನ್ನೂ ಹಾದು ಬಂತು. ಪೈಪಿನ ಗೆರೆಯ ಮೇಲೆ ಪೈಪಿನ ಗೆರೆ, ಮನೆಗಳ ಮೇಲೆ ಮನೆಗಳು. ಅವರು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಗೆರೆ ಹಿಡಿದು ಹೋಗಿ, ತಮ್ಮ ಕಣ ಇದ್ದಲ್ಲಿ ನಿಲ್ಲಿಸಿದರು. ಎರಡೂ ತೊಟ್ಟಿಗಳು ಒಂದೇ ಆಗಿ ಕಂಡವು.

ಬಹಳ ಹೊತ್ತು ನೋಡಿದರು. ಆಮೇಲೆ ಇಲಾಖೆಯ ಹಾಳೆಯನ್ನು ರುದ್ರಪ್ಪನವರ ಕೈಗೆ ಕೊಟ್ಟು, ತಮ್ಮದನ್ನು ಸುತ್ತಿಕೊಳ್ಳುತ್ತ ಅಂದರು:

"ಈಗ ಕಟ್ರಿ."